ಬೇಕಾದರೆ ಮಾತ್ರ ಮಾಡುವ ಶಸ್ತ್ರಚಿಕಿತ್ಸೆ

ರೊಟ್ಟಿ ಬಡಿಯುವಾಗ ನನ್ನ ಬಲ ಎದೆ ಕುಣಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಓದಿದ ಯಾವ ಕೈಪಿಡಿಯಲ್ಲೂ ಇದು ಇರಲಿಲ್ಲ. ಗಡ್ಡೆಯ ಜೊತೆಗೆ ಇಡೀ ಮೊಲೆಯನ್ನು ತೆಗೆದ ದಿನವೇ, ಬೆನ್ನಿನ ಸ್ನಾಯುವನ್ನು ಕಂಕುಳಡಿಯಿಂದ ಮುಂದಕ್ಕೆ ತಿರುಗಿಸಿ ತಂದು, ವೈದ್ಯರು ನನಗೆ ಹೊಸದೊಂದನ್ನು ಕಟ್ಟಿಕೊಟ್ಟರು. ಎದೆಗೆ ಬಂದು ನೆಲೆಸಿದರೂ ಅದು ತನ್ನ ಹಳೆಯ ಕೆಲಸವನ್ನು ಮರೆತಿಲ್ಲ. ಅಂಗೈ ಹಿಟ್ಟಿನ ಮೇಲೆ ಬಿದ್ದಾಗಲೆಲ್ಲ ಸೆರಗಿನ ಕೆಳಗೆ ಒಮ್ಮೆ ಜಗ್ಗುತ್ತದೆ.

ಕುಣಿತ ದೊಡ್ಡ ತೊಂದರೆಯಲ್ಲ. ತೊಂದರೆ ಬೇರೆ ಇತ್ತು. ಹೊಸದು ಕಟ್ಟಿದ ಎತ್ತರದಲ್ಲೇ ನಿಂತಿತ್ತು. ಎಡಗಡೆಯದು ಅರವತ್ತನಾಲ್ಕು ವರ್ಷದ್ದು, ಮಗಳಿಗೆ ಹಾಲೂಡಿಸಿದ್ದು. ತನ್ನ ವಯಸ್ಸಿಗೆ ತಕ್ಕಂತೆ ಇಳಿದಿತ್ತು. ಹೊಸದರ ಮೇಲ್ಭಾಗದಲ್ಲಿ, ಕೊರಳೆಲುಬಿನ ಕೆಳಗೆ, ಮೂರು ಬೆರಳು ಇಟ್ಟರೆ ಕೂರುವಂಥ ಒಂದು ತಗ್ಗು. ಜಂಪರ ಹೊಲಿಯುವವಳು ಎಷ್ಟೇ ಜಾಣಳಾದರೂ ಬಟ್ಟೆ ಒಂದು ಕಡೆ ಬಿಗಿಯುತ್ತಿತ್ತು, ಇನ್ನೊಂದು ಕಡೆ ಸಡಿಲಾಗಿ ನೆರಿಗೆ ಬೀಳುತ್ತಿತ್ತು. ಸೆರಗು ಹೊದ್ದರೆ ಯಾರಿಗೂ ಕಾಣುವುದಿಲ್ಲ. ಆದರೆ ಬಚ್ಚಲಲ್ಲಿ ಸೆರಗು ಇರುವುದಿಲ್ಲ.

ಬದುಕಿ ಉಳಿದ ಮೇಲೆ, ಈ ವಯಸ್ಸಿನಲ್ಲಿ, ಇದನ್ನು ಸರಿಪಡಿಸಿಕೊಳ್ಳಬೇಕೆಂಬ ಆಸೆ ನನಗೆ ಹುಟ್ಟಿತು. ಆ ಆಸೆ ನನ್ನನ್ನು ನಾಚಿಸಿದಷ್ಟು ರೋಗವೂ ನಾಚಿಸಿರಲಿಲ್ಲ. ಇಂಥದೇ ಆಸೆಯನ್ನು ಸೆರಗಿನಡಿ ಬಚ್ಚಿಟ್ಟುಕೊಂಡ ಇನ್ನೊಬ್ಬಳು ಎಲ್ಲೋ ಇದ್ದಾಳೆಂಬ ಅನುಮಾನ ನನಗಿದೆ. ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಬನಹಟ್ಟಿಯ ನೇಕಾರರ ಮನೆಯವಳು. ಹೆಸರು ಕಮಲವ್ವ. ಅಕ್ಷರ ಕೂಡಿಸಿ ಓದಲು ಬಂದ ಕೂಡಲೇ ಶಾಲೆ ಬಿಡಿಸಿ ಮಗ್ಗದ ಲಾಳಿಯ ಕಂಡಿಕೆಗೆ ನೂಲು ಸುತ್ತಲು ಕೂರಿಸಿದರು. ಆ ಮೇಲಿನ ನನ್ನ ವಿದ್ಯೆಯೆಲ್ಲ ನೂಲಿನ ಗಂಟುಗಳಿಗೆ ಸುತ್ತಿ ಬರುತ್ತಿದ್ದ ಹಳೆಯ ಪತ್ರಿಕೆಗಳಿಂದ ಆದದ್ದು. ಅವು ಎಂದೂ ಪೂರ್ತಿ ಇರುತ್ತಿರಲಿಲ್ಲ. ಕೊಲೆ ಇರುತ್ತಿತ್ತು, ಕೊಂದವನು ಹರಿದುಹೋಗಿರುತ್ತಿದ್ದ. ಅರ್ಧ ಸುದ್ದಿಗಳನ್ನು ಓದಿ ಬೆಳೆದ ಕಾರಣವೋ ಏನೋ, ಯಾರಾದರೂ ನನಗೆ ಪೂರ್ತಿ ಕಥೆ ಹೇಳಿದರೆ ನಂಬಿಕೆ ಬರುವುದಿಲ್ಲ. "ಯಾರು ಹೇಳಿದ್ರು? ನೀ ಕಂಡಿಯೇನು?" ಎಂದು ಕೇಳುವುದು ನನ್ನ ರೂಢಿ. ಇದಕ್ಕಾಗಿ ಓಣಿಯಲ್ಲಿ ನನಗೆ ವಕೀಲವ್ವ ಎಂದು ಹೆಸರಿಟ್ಟಿದ್ದಾರೆ.

ರೋಗ ಬಂದಾಗಲೂ ವಕೀಲಿ ಬಿಡಲಿಲ್ಲ. ಜಮಖಂಡಿಯಲ್ಲಿ ಮೊದಲ ಪರೀಕ್ಷೆಯಾದ ದಿನ, ನನ್ನ ಯಜಮಾನರು ಈರಪ್ಪ ಸ್ಕ್ಯಾನ್ ಚಿತ್ರಗಳ ದೊಡ್ಡ ಲಕೋಟೆಯನ್ನು ನೆನೆದೀತೆಂಬ ಹಾಗೆ ಎದೆಗವಚಿಕೊಂಡು ನಿಂತಿದ್ದರು, ಮಳೆ ಇರಲಿಲ್ಲ. ಮಗಳು ಸುಜಾತಾ ಕುಡಿಯುವ ನೀರಿನ ನಳದ ಬಳಿ ನಿಂತು, ತುಂಬಿದ ಲೋಟವನ್ನು ಮತ್ತೆ ಮತ್ತೆ ಚೆಲ್ಲಿ ತುಂಬುತ್ತಿದ್ದಳು. ಇಬ್ಬರಿಗೂ ಗೊತ್ತಾಗಿತ್ತು, ಇಬ್ಬರೂ ನನ್ನ ಮುಖ ನೋಡುತ್ತಿರಲಿಲ್ಲ. ನಾನೇ ವೈದ್ಯರ ಬಾಗಿಲು ತಳ್ಳಿ, "ಹೆಸರು ಹೇಳ್ರಿ, ಸುತ್ತಬಳಸಬ್ಯಾಡ್ರಿ" ಎಂದೆ. ಹೇಳಿದರು. ನಾನು ಗೋಡೆ ಹಿಡಿಯಲಿಲ್ಲ, ವಕೀಲವ್ವ ಗೋಡೆ ಹಿಡಿದಳೆಂಬ ಮಾತು ಬರಬಾರದಲ್ಲ.

ಮುಂದೆ ದೂರದ ದೊಡ್ಡ ಆಸ್ಪತ್ರೆಯಲ್ಲೂ ಹೀಗೆಯೇ ಕೇಳಿದೆ. "ತಗದ ಮ್ಯಾಲೆ ಅಲ್ಲಿ ಏನಿರ್ತೈತಿ?" ಕೇಳಿದ್ದರಿಂದ, ಹೊಸದು ಕಟ್ಟುವ ದಾರಿಯೂ ಉಂಟೆಂಬುದು ತಿಳಿಯಿತು. ಕೇಳದವರಿಗೆ ಏನು ತಿಳಿಯಿತೆಂಬುದನ್ನು ಆಗ ನಾನು ಯೋಚಿಸಲಿಲ್ಲ.

ಕೀಮೋ ಕೊಡುವ ಕೋಣೆಯಲ್ಲಿ ನನ್ನ ಪಕ್ಕದ ಹಾಸಿಗೆ ಹುನ್ನೂರಿನ ಬೀರವ್ವನದು. ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು. ನನಗಿಂತ ಆರೇಳು ವರ್ಷ ಚಿಕ್ಕವಳು, ದನಿ ಮಾತ್ರ ಅಡವಿಯಲ್ಲಿ ಕೂಗಿ ಬೆಳೆದದ್ದು. ನನ್ನಂತೆಯೇ ಬಲಗಡೆಯದನ್ನು ತೆಗೆದಿದ್ದರು, ಹೊಸದು ಕಟ್ಟಿರಲಿಲ್ಲ. ಆಕೆ ನಿದ್ದೆ ಹೋಗಿದ್ದಾಗ ಹಾಸಿಗೆ ಬದಲಿಸುವ ಹೆಂಗಸು ನನಗೆ ಪಿಸುಗುಟ್ಟಿದಳು: "ಆಕೀಗೂ ಕೇಳಿದ್ರಂತ್ರೀ. ಬ್ಯಾಡ ಅಂದ್ಳಂತ. ಕುರುಬರಾಕಿ, ಗಟ್ಟಿ ಜೀವ." ನಾನು ತಲೆಯಾಡಿಸಿ ಕೈಯಲ್ಲಿದ್ದ ಪುಸ್ತಕಕ್ಕೆ ಮರಳಿದೆ.

ಚಿಕಿತ್ಸೆ ಮುಗಿದ ಮೇಲೆ ತಪಾಸಣೆಗೆಂದು ಹೋದಾಗ, ಆಸ್ಪತ್ರೆಯ ಕಾಯುವ ಹಜಾರದಲ್ಲಿ ಬೀರವ್ವ ಮತ್ತೆ ಸಿಕ್ಕಳು. ಬಂದವಳೇ ನನ್ನ ಕಿವಿಗೆ ಬಾಯಿಟ್ಟಳು. ಕಿವಿಗೆ ಬಾಯಿಟ್ಟರೂ ಅವಳ ಮಾತು ಇಡೀ ಹಜಾರಕ್ಕೆ ಕೇಳಿಸುತ್ತದೆ.

"ಅಕ್ಕಾರ, ನನ್ನ ಎದಿಯಾಗ ಏನೋ ಬೆಳದಿತ್ರೀ."

ನಾನು ಅವಳ ಕೈ ಹಿಡಿದೆ. "ಏನ ಬೆಳದಿತ್ತು? ಡಾಕ್ಟರಿಗೆ ತೋರ್ಸಿದ್ಯೇನು?"

"ಡಾಕ್ಟರಿಗೆ ಏನ ತೋರ್ಸೂದು? ಜ್ವಾಳ!"

ವಿಷಯ ಹೀಗಿತ್ತು. ಕುಬಸದ ಖಾಲಿ ಬದಿ ಜೋತು ಬೀಳುತ್ತದೆಂದು ಆಕೆ ತನ್ನ ಕುರಿಗಳ ಉಣ್ಣೆಯನ್ನೇ ತೊಳೆದು, ಹಿಂಜಿ, ಹಳೆಯ ಖಣದ ತುಂಡಿನಲ್ಲಿ ತುಂಬಿ, ದುಂಡಗೆ ಹೊಲಿದು ಒಳಗೆ ಇಟ್ಟುಕೊಂಡಿದ್ದಳು. ಉಣ್ಣೆ ಹಗುರ, ನಾಲ್ಕು ಹೆಜ್ಜೆ ನಡೆದರೆ ಅದು ಮೇಲೇರಿ ಕೊರಳಿಗೆ ಬರುತ್ತಿತ್ತು. ತೂಕಕ್ಕೆಂದು ಒಂದು ಹಿಡಿ ಜೋಳ ಸೇರಿಸಿದಳು. ಆಮೇಲೆ ಬೆವರಿನ ವಾಸನೆಯೆಂದು ಅದನ್ನು ಹಾಗೆಯೇ ನೀರಿಗೆ ಹಾಕಿ ತೊಳೆದಳು. ಅಂಗಳದಲ್ಲಿ ಒಣಹಾಕಿದರೆ ಮಂದಿ ನೋಡುತ್ತಾರೆ, ಆದ್ದರಿಂದ ಮನೆಯೊಳಗೆ ಒದ್ದೆ ಸೀರೆಯ ಕೆಳಗೆ ಮುಚ್ಚಿಟ್ಟು ಮರೆತಳು.

"ಮುಂದ ತಗದು ನೋಡ್ತೇನಿ, ಖಣದಾಗಿಂದ ಬೆಳ್ಳಗ ಮೊಳಕಿ ಹೊರಗ ಬಂದಾವ್ರೀ! ನನ್ನ ಗಂಡ ಏನಂತಾನ ಗೊತ್ತೈತೇನು? 'ರಾಶಿ ಯಾವಾಗ ಮಾಡೂಣು?' ಅಂತಾನ, ಆ ಮುದಿಯಾ."

ಇಡೀ ಹಜಾರ ನಕ್ಕಿತು. ತಲೆಗೂದಲು ಉದುರಿ ಟೊಪ್ಪಿಗೆ ಹಾಕಿಕೊಂಡಿದ್ದ ಒಬ್ಬ ಹುಡುಗಿಯಂತೂ ಅಳುವಷ್ಟು ನಕ್ಕಳು. ಆ ಹಜಾರದಲ್ಲಿ ಯಾರಾದರೂ ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದ್ದು. ಈಗ ತೂಕಕ್ಕೆ ಏನು ಹಾಕಿದ್ದೀಯೆಂದು ಕೇಳಿದರೆ, "ಹೊಳಿ ಹಳ್ಳ ರೀ, ಅದು ಹುಟ್ಟಂಗಿಲ್ಲ" ಎಂದಳು. ಹೊಳೆಯ ದಡದ ನುಣುಪು ಕಲ್ಲುಗಳಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ.

ಈ ಕಥೆಯನ್ನು ಮನೆಗೆ ತಂದು ಹೇಳಿದವಳು ನಾನೇ. ಯಜಮಾನರು ನಕ್ಕರು, ಮಗಳು ನಕ್ಕಳು. ಬರುಬರುತ್ತ ಅದು ನಗುವ ಕಥೆಯಾಗಿ ಉಳಿಯಲಿಲ್ಲ, ಬುದ್ಧಿಮಾತಾಯಿತು. ನಾನು ಬಚ್ಚಲಿನಿಂದ ಮುಖ ಗಂಟಿಕ್ಕಿಕೊಂಡು ಬಂದ ದಿನ, "ಆ ಹುನ್ನೂರಿನಾಕೀನ ನೆನಸ್ಕೋ" ಎನ್ನುತ್ತಿದ್ದರು.

ಅದೇ ತಪಾಸಣೆಯ ದಿನ ನನ್ನನ್ನು ನೋಡಿದವರು ಒಬ್ಬ ಮಹಿಳಾ ವೈದ್ಯರು. ಎದೆ ಕಟ್ಟುವ ಕೆಲಸದವರು, ಮಾತು ಕಡಿಮೆ. ಎರಡೂ ಬದಿಗಳನ್ನು ನೋಡಿ, "ಎಡಗಡೆಯದನ್ನು ಸ್ವಲ್ಪ ಎತ್ತಿ ಚಿಕ್ಕದು ಮಾಡಬಹುದು. ಹೊಟ್ಟೆಯ ಕೊಬ್ಬು ತೆಗೆದು ಈ ತಗ್ಗನ್ನು ತುಂಬಬಹುದು. ಇದು ರೋಗದ ಚಿಕಿತ್ಸೆ ಅಲ್ಲಮ್ಮಾ. ನಿಮಗೆ ಬೇಕಾದರೆ ಮಾತ್ರ" ಎಂದರು.

ಬೇಕಾದರೆ ಮಾತ್ರ. ಮನೆಗೆ ಬರುವ ಬಸ್ಸಿನಲ್ಲಿ ಈ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದೆ. ಶಾಲೆ ಬಿಡಿಸಿದಾಗ, ಮದುವೆ ಮಾಡಿದಾಗ, ಕೈಮಗ್ಗ ತೆಗೆದು ಪವರ್‌ಲೂಮ್ ಹಾಕಿದಾಗ ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಗಡ್ಡೆ ತೆಗೆಯುವಾಗಲೂ ಬೇಕು ಬೇಡಗಳ ಪ್ರಶ್ನೆ ಇರಲಿಲ್ಲ, ತೆಗೆಯದಿದ್ದರೆ ಸಾಯುತ್ತಿದ್ದೆ. ಈಗ ಮೊದಲ ಸಲ ಆಯ್ಕೆ ನನ್ನದಾಗಿತ್ತು, ಮತ್ತು ನನಗೆ ಬೇಕಾಗಿತ್ತು. ಹಾಗೆ ಬೇಕಾಗಿದ್ದೇ ಒಂದು ಅಪರಾಧದಂತೆ ಕಂಡಿತು.

ನೆಂಟರು ನನಗೆ ಎರಡನೇ ಜನ್ಮ ಬಂದಿದೆ ಎನ್ನುತ್ತಾರೆ. ಹೊಸ ಜನ್ಮವಾದರೆ ಹಳೆಯ ಮೊಣಕಾಲುನೋವು ಯಾಕೆ ಜೊತೆಗೆ ಬಂತೆಂದು ನಾನು ಕೇಳಿದ್ದೇನೆ. ಆದರೆ ಅವರ ಇನ್ನೊಂದು ಮಾತು ನನ್ನನ್ನು ಬಿಡಲಿಲ್ಲ: ಜೀವ ಉಳಿದದ್ದು ಸಾಲದೇ? ರೋಗದಿಂದ ಸತ್ತವಳನ್ನು ಮಂದಿ ಮರುಗಿ ಮಣ್ಣು ಮಾಡುತ್ತಾರೆ. ರೋಗ ಗೆದ್ದ ಮೇಲೆ ಅಂದಕ್ಕಾಗಿ ಮತ್ತೆ ಚಾಕುವಿನಡಿ ಮಲಗಿ, ಅರಿವಳಿಕೆಯ ಮದ್ದಿನಿಂದ ಏಳದೇ ಹೋದ ಮುದುಕಿಯ ಬಗ್ಗೆ ನನ್ನ ಮಗಳು ಊರಿಗೆ ಏನು ಹೇಳಬೇಕು?

ಕೆಲವು ವಾರ ಸುಮ್ಮನಿದ್ದೆ. ಆಮೇಲೆ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ, ಬೆನ್ನು ಮಾಡಿಯೇ ಯಜಮಾನರಿಗೆ ಹೇಳಿದೆ.

"ರೀ, ಇನ್ನೊಂದು ಆಪರೇಶನ್ ಮಾಡ್ತಾರಂತ."

ತಿರುಗಿ ನೋಡಿದೆ. ಅವರ ತುಟಿ ಬಿಳಿಚಿಕೊಂಡಿತ್ತು, ಕೈಯಲ್ಲಿದ್ದ ರೊಟ್ಟಿ ಮುರಿಯದೇ ಹಾಗೆಯೇ ಇತ್ತು.

"ಮತ್ತ ಬಂತೇನು?"

"ಇಲ್ರೀ. ಬಂದಿಲ್ಲ. ಅದಲ್ಲ. ಇದು ಸಮಾ ಮಾಡಾಕ. ಒಂದು ಮ್ಯಾಲೆ ಒಂದು ಕೆಳಗ ಆಗೈತಲ್ಲ."

ಅವರು ಉಸಿರು ಬಿಟ್ಟದ್ದು ಕೇಳಿಸಿತು. ನನ್ನ ಒಂದು ಬಯಕೆಗಾಗಿ ಆ ಮನುಷ್ಯನಿಗೆ ಮತ್ತೊಮ್ಮೆ ಆ ಗಳಿಗೆಯನ್ನು ತೋರಿಸಿದ್ದೆ. ಸುಧಾರಿಸಿಕೊಂಡು ಹೇಳಿದರು: "ನನಗೇನೂ ಫರಕ ಕಾಣಂಗಿಲ್ಲ."

"ನೋಡೀರೇನು?"

ಅವರು ರೊಟ್ಟಿ ಮುರಿದರು. ಮೊದಲ ಶಸ್ತ್ರಚಿಕಿತ್ಸೆಯಾದಾಗಿನಿಂದ, ನಾನು ಸೀರೆ ಉಡುವ ಹೊತ್ತಿಗೆ ಅವರಿಗೆ ಮಗ್ಗದ ಕೋಣೆಯಲ್ಲಿ ಏನಾದರೊಂದು ಕೆಲಸ ಬರುತ್ತದೆ. ಅಸಹ್ಯದಿಂದಲ್ಲ, ಅದು ನನಗೆ ಗೊತ್ತು. ನೋಡಿದರೆ ನನಗೆ ನೋವಾದೀತೆಂದು ಅವರು ನೋಡುವುದಿಲ್ಲ. ನೋಡದ್ದರಿಂದ ಆಗುವ ನೋವನ್ನು ನಾನು ಹೇಳುವುದಿಲ್ಲ. ಆ ದಿನವೂ ಎದ್ದು ಮಗ್ಗದ ಕಡೆ ಹೋಗುತ್ತ, "ಆ ಹುನ್ನೂರಿನಾಕೀನ ನೋಡು, ಉಣ್ಣಿ ತುಂಬ್ಕೊಂಡು ಹೆಂಗ ನಕ್ಕೋತ ಅಡ್ಡಾಡ್ತಾಳ" ಎಂದರು.

ಸುಜಾತಾ ಮುಧೋಳದಲ್ಲಿ ಶಾಲಾ ಶಿಕ್ಷಕಿ. ಅವಳಿಗೆ ಎದುರಿಗೇ ಹೇಳಬೇಕೆಂದು ಒಂದು ಭಾನುವಾರ ಮುಧೋಳಕ್ಕೆ ಹೋದೆ. ಅವಳು ತಲೆ ಎರೆದುಕೊಂಡು ಕೂದಲು ಒಣಗಿಸುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು. ನಾನು ಓದಿ ಸಂಗ್ರಹಿಸಿದ ವಾದಗಳನ್ನೂ ಮುಂದಿಟ್ಟೆ.

"ಅವ್ವಾ, ಅಪಾಯ ಕಡಿಮಿ ಐತಿ ಅಂತ ನೀ ಓದೀದಿ, ಖರೆ" ಎಂದಳು. "ಆದರ ಒಳಗ ನೀ ಮಲಗಿರ್ತಿ. ಹೊರಗ ಕುಂಡ್ರಾಕಿ ನಾನು."

ಒದ್ದೆ ಕೂದಲನ್ನು ಹಿಂಡಿ ಬೆನ್ನ ಹಿಂದೆ ಹಾಕಿಕೊಂಡಳು.

"ಬಾಗಲಾ ತಗದಾಗೊಮ್ಮೆ ಎದ್ದು ನಿಲ್ಲೂದು. ಬ್ಯಾರೆಯವರ ಹೆಸರು ಕೂಗಿದ್ರ ಮತ್ತ ಕುಂಡ್ರೂದು. ಬಾಜೂಕಿನಾಕಿ ಅಳಾಕ ಶುರು ಮಾಡಿದ್ರ, ಆಕಿ ಮಾರಿ ನೋಡಬಾರದಂತ ಗ್ವಾಡಿ ನೋಡೂದು. ನಿನಗ ಅದೇನೂ ಗೊತ್ತಿಲ್ಲ, ನೀ ಮತ್ತಿನಾಗ ಇರ್ತಿ. ನನಗ ಇನ್ನೊಮ್ಮೆ ಆಗಂಗಿಲ್ಲವ್ವಾ. ಜೀವಾ ಉಳಸಾಕಂದ್ರ ನೂರು ಸಲ ಕುಂಡ್ರತಿದ್ದೆ."

ಇಷ್ಟು ದಿನ ನನ್ನ ರೋಗದ ಕಥೆಯನ್ನು ನಾನು ಒಳಗಿನಿಂದ ಮಾತ್ರ ಕೇಳಿದ್ದೆ. ಹೊರಗಿನ ಬಾಕಿನ ಮೇಲೆ ಅದು ಹೇಗಿತ್ತೆಂದು ಮಗಳನ್ನು ಒಮ್ಮೆಯೂ ಕೇಳಿರಲಿಲ್ಲ. ಊಟ ಮಾಡಿ, ಮುಂದಿನ ಬಸ್ಸಿಗೆ ಹೊರಟೆ. ಬಾಗಿಲಲ್ಲಿ ಅವಳು ನನ್ನ ಸೆರಗು ಸರಿಪಡಿಸಿದಳು; ಬಲಗಡೆಗೆ ತುಸು ಹೆಚ್ಚು ಎಳೆದಳು. ಫರಕು ಅವಳಿಗೂ ಕಾಣುತ್ತಿತ್ತು.

ಆಸೆಯನ್ನು ಬಿಟ್ಟುಬಿಡಬೇಕೆಂದು ನಿಶ್ಚಯಿಸಿದೆ. ನನ್ನದು ಹಟದ ಸ್ವಭಾವ, ಬಿಡು ಎಂದರೆ ಬಿಡುವ ಮನಸ್ಸಲ್ಲ. ಅದನ್ನು ಬಿಡಿಸಬಲ್ಲವಳು ಒಬ್ಬಳೇ ಎನ್ನಿಸಿತು. ಏನೂ ಇಲ್ಲದೇ ನಗುವ ಬೀರವ್ವನನ್ನು ಕಣ್ಣಾರೆ ಕಂಡು, ನಾಚಿಕೊಂಡು, ಶುದ್ಧಳಾಗಿ ಮರಳಬೇಕೆಂದು ಜಮಖಂಡಿಯಲ್ಲಿ ಬಸ್ಸು ಬದಲಿಸಿ ಹುನ್ನೂರಿಗೆ ಹೋದೆ.

ಬೀರವ್ವ ಅಂಗಳದಲ್ಲಿ ಕುಂಟುವ ಮರಿಯೊಂದರ ಗೊರಸು ನೋಡುತ್ತಿದ್ದಳು. "ಅಯ್ಯ, ಬರ್ರಿ ಅಕ್ಕಾರ! ವಕೀಲರು ಕುರಿ ಹಟ್ಟಿಗೆ ಬಂದಾರಂದ್ರ ಏನೋ ಕೇಸ ಐತಿ" ಎಂದು ಮರಿಯನ್ನು ಬಿಟ್ಟು ಎದ್ದಳು. ಚಹಾ ಕೊಟ್ಟಳು. ನಾನು ಸುತ್ತಬಳಸದೇ ಹೇಳಿದೆ: ಇನ್ನೊಂದು ಶಸ್ತ್ರಚಿಕಿತ್ಸೆಯ ಆಸೆ, ಮನೆಯವರ ಮಾತು, ನನ್ನ ನಾಚಿಕೆ. ಕೊನೆಗೆ, "ನಿನ್ನ ನೋಡಿ ಕಲಿಯೂಣಂತ ಬಂದೇನಿ" ಎಂದೆ.

ಆಕೆ ನಗಲಿಲ್ಲ. "ಏನ ಕಲೀತೀರಿ?"

"ನಿನಗ ಕೇಳಿದಾಗ ನೀ ಬ್ಯಾಡ ಅಂದಿ. ಅಷ್ಟು ಗಟ್ಟಿ ಮನಸು ನನಗಿಲ್ಲ."

"ಏನ ಕೇಳಿದಾಗ?"

"ಹೊಸಾದು ಕಟ್ಟೂದು ಬೇಕೇನು ಅಂತ ಡಾಕ್ಟರು ಕೇಳಿದಾಗ."

ಬೀರವ್ವ ಲೋಟವನ್ನು ಕೆಳಗಿಟ್ಟಳು. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. "ಯಾರು ಹೇಳಿದ್ರು ರೀ ನಿಮಗ, ನಾ ಬ್ಯಾಡ ಅಂದೆ ಅಂತ?"

ನನ್ನ ಪ್ರಶ್ನೆ. ಓಣಿಯ ಮಂದಿಗೆಲ್ಲ, ವೈದ್ಯರಿಗೆ, ದೇವರ ಪವಾಡ ಹೇಳಲು ಬಂದವರಿಗೆ ನಾನು ಕೇಳುತ್ತ ಬಂದ ಪ್ರಶ್ನೆ ಅದು. ಹಾಸಿಗೆ ಬದಲಿಸುವವಳ ಆ ಪಿಸುಮಾತನ್ನು ಮಾತ್ರ ನಾನು ಎಂದೂ ಜಾಲಾಡಿರಲಿಲ್ಲ.

"ನನ್ನ ಯಾರೂ ಕೇಳಿಲ್ಲ" ಎಂದಳು. "ತಗೀತೇವಿ ಅಂದ್ರು, ತಗದ್ರು. ಹಂಗ ಕಟ್ಟೂದೂ ಇರ್ತೈತಿ ಅಂತ ನನಗ ಈಗ ನೀವು ಹೇಳಿದ್ದಽ ಗೊತ್ತು. ನಿಮಗೂ ನನ್ನಂಗಽ ಆಗೈತಿ, ನೀವು ಅರಬಿ ತುಂಬ್ಕೊಂಡೀರಿ ಅಂತ ತಿಳಕೊಂಡಿದ್ದೆ. ನೇಕಾರರ ಮಂದಿ, ಛಲೋ ಅರಬಿ ಇರ್ತಾವಂತ."

ನಾವಿಬ್ಬರೂ ಇಷ್ಟು ದಿನ ಒಬ್ಬರ ಬಗ್ಗೆ ಒಬ್ಬರು ಒಂದೊಂದು ಕಥೆ ಕಟ್ಟಿಕೊಂಡು ನಂಬಿದ್ದೆವು. ಅವಳ ಕಥೆಯಿಂದ ಅವಳಿಗೆ ಲಾಭವೇನೂ ಇರಲಿಲ್ಲ. ನನ್ನ ಕಥೆಯಿಂದ ನನಗಿತ್ತು. ಬೀರವ್ವ ತಾನಾಗಿ ಬೇಡವೆಂದಿದ್ದರೆ, ಅವಳ ಪಕ್ಕದಲ್ಲಿ ಹೊಸ ಎದೆ ಹೊತ್ತು ಮಲಗಿದ ನಾನು ಯಾವ ಲೆಕ್ಕವನ್ನೂ ಕೊಡಬೇಕಾಗಿರಲಿಲ್ಲ.

"ಏಳ್ರಿ, ತೋರಸ್ರಿ" ಎಂದಳು ಬೀರವ್ವ.

"ಏನ?"

"ನಾ ಏನ ನಿಮ್ಮ ಕಿವ್ಯಾನ ಝುಮಕಿ ಕೇಳಾಕತ್ತೇನೇನು?"

ಒಳಗೆ ಹೋಗಿ ಅಗಳಿ ಹಾಕಿದಳು. ನಾನು ಜಂಪರ ಬಿಚ್ಚಿದೆ. ವೈದ್ಯರಲ್ಲದ ಒಬ್ಬರು ಅದನ್ನು ನೋಡಿದ್ದು ಅದೇ ಮೊದಲು. ಕುರಿಯ ಗೊರಸು ನೋಡುವ ಕಣ್ಣಿನಿಂದಲೇ, ಅವಸರವಿಲ್ಲದೇ, ನೋಡಿದಳು. ಬೆರಳಿನಿಂದ ಒತ್ತಿದಳು.

"ಬೆಚ್ಚಗೈತಲ್ರೀ! ನಾ ತಣ್ಣಗಿರ್ತೈತಿ ಅಂತ ಮಾಡಿದ್ದೆ. ನಾ ಮುಟ್ಟಿದ್ದು ನಿಮಗ ಗೊತ್ತಾಗ್ತೈತೇನು?"

"ಇಲ್ಲ. ಒತ್ತಿದ್ದು ಗೊತ್ತಾಗ್ತೈತಿ, ಮುಟ್ಟಿದ್ದು ಗೊತ್ತಾಗಂಗಿಲ್ಲ."

ಆಮೇಲೆ ರೊಟ್ಟಿ ಬಡಿದಂತೆ ಗಾಳಿಯಲ್ಲಿ ಕೈ ಬಡಿದು ಅದರ ಕುಣಿತ ತೋರಿಸಿದೆ. "ಬೀರಪ್ಪನಾಣೆ, ಇದು ಹೋತಿನ ಕಿವಿ ಅಳ್ಳಾಡಿದಂಗ ಅಳ್ಳಾಡ್ತೈತ್ರೀ!" ಎಂದು ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ನಾನೂ ನಕ್ಕೆ. ನಗು ನಿಂತ ಮೇಲೆ ಆಕೆ ತನ್ನ ಕುಬಸದ ಗಂಟು ಬಿಚ್ಚಿದಳು. ಉಣ್ಣೆಯ ಉಂಡೆಯನ್ನು ತೆಗೆದು ಹಾಸಿಗೆಯ ಮೇಲಿಟ್ಟಳು. ಚಪ್ಪಟೆಯಾದ ಎದೆ, ಕಂಕುಳ ತನಕ ಎಳೆದ ಗಾಯದ ಗೆರೆ, ವಿಕಿರಣದ ಕರೆಂಟು ಕೊಟ್ಟು ಸುಟ್ಟು ಕಪ್ಪಾದ ತೊಗಲು. ನಾನು ಕೇಳದೇ ಇದ್ದಿದ್ದರೆ ನನ್ನದೂ ಹೀಗೆಯೇ ಇರುತ್ತಿತ್ತು. ಕಣ್ಣು ತೆಗೆಯಬೇಕೆನ್ನಿಸಿತು, ತೆಗೆಯಲಿಲ್ಲ. ನನ್ನದನ್ನು ಅವಳು ಪೂರ್ತಿ ನೋಡಿದ್ದಳು.

"ಈಗ ಹೇಳ್ರಿ," ಎಂದಳು ಗಂಟು ಕಟ್ಟುತ್ತ, "ನಿಮಗ ಎರಡನೇದು ಯಾಕ ಬೇಕು? ಯಜಮಾನರ ಸಲುವಾಗೇನು?"

"ಅವರು ನೋಡಂಗಿಲ್ಲ."

"ಮತ್ತ?"

"ಜಳಕಾ ಮಾಡುವಾಗ ನಾ ಬಾಗಲಾ ಕಡೆ ಮಾರಿ ಮಾಡ್ತೇನಿ. ನನ್ನ ಮೈ ತೊಳಿಯೂದು ಬ್ಯಾರೆಯವರ ಮೈ ತೊಳದಂಗ ಆಗೈತಿ. ಅಷ್ಟಽ."

"ಅಷ್ಟಽ ಅಂತಾರ ನೋಡ್ರಿ ಇದಕ್ಕ" ಎಂದಳು. ಉಣ್ಣೆಯ ಉಂಡೆಯನ್ನು ಮತ್ತೆ ಕುಬಸದೊಳಗೆ ಸೇರಿಸುತ್ತ, "ನಾನೂ ಹಂಗಽ ಮಾಡ್ತೇನಿ. ನಾ ನೀರ ಹಂಡೇದ ಕಡೆ ಮಾರಿ ಮಾಡ್ತೇನಿ. ನಗೂದು ಮಂದಿ ಸಲುವಾಗ್ರೀ" ಎಂದಳು.

ನಾಚಿ ಶುದ್ಧಳಾಗಲು ಹೋದವಳು, ಹೋದದ್ದಕ್ಕಿಂತ ಹೆಚ್ಚು ಭಾರ ಹೊತ್ತುಕೊಂಡು ಎದ್ದೆ. ನನ್ನ ಆಸೆ ಸತ್ತಿರಲಿಲ್ಲ, ಅವಳಲ್ಲೂ ಒಂದನ್ನು ಎಬ್ಬಿಸಿದ್ದೆ. ಹೊರಡುವಾಗ ಕೇಳಿದೆ: "ಡಾಕ್ಟರ ಹಂತ್ಯಾಕ ನನ್ನ ಜೋಡಿ ಬರ್ತಿಯೇನು? ಆಗತೈತೋ ಇಲ್ಲೋ ನಿನಗ ನೀನಽ ಕೇಳು." ಆಕೆ ಮರಿಯ ಬಳಿ ಕುಳಿತು ಮತ್ತೆ ಗೊರಸು ಹಿಡಿದಳು. ಆದರೆ ನಾನು ಹೇಳಿದ ದಿನ ಜಮಖಂಡಿ ಬಸ್ ನಿಲ್ದಾಣದಲ್ಲಿ, ನನಗಿಂತ ಮೊದಲೇ, ಹೊಸ ಖಣದ ಕುಬಸ ತೊಟ್ಟು ನಿಂತಿದ್ದಳು.

ಆ ಮಹಿಳಾ ವೈದ್ಯರು ಬೀರವ್ವನನ್ನು ಬಹಳ ಹೊತ್ತು ಪರೀಕ್ಷಿಸಿದರು. "ಮೊದಲು ನಿಮಗೆ ಯಾರಾದರೂ ಇದರ ಬಗ್ಗೆ ಹೇಳಿದ್ದರಾ?" ಎಂದು ಕೇಳಿದರು. "ಇಲ್ರೀ" ಎಂದಳು. ವೈದ್ಯರು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಎಲ್ಲವನ್ನೂ ವಿವರಿಸಿದರು: ಕರೆಂಟು ಕೊಟ್ಟ ತೊಗಲು ಹಿಗ್ಗುವುದು ಕಷ್ಟ, ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು, ಗಾಯ ತಡವಾಗಿ ಮಾಯಬಹುದು, ಆದರೂ ಆಗುವುದೇ ಇಲ್ಲವೆಂದಲ್ಲ. "ನಿಮಗೆ ಬೇಕಾದರೆ ಪ್ರಯತ್ನ ಮಾಡಬಹುದು. ಬೇಕಾ?"

ಬೀರವ್ವ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. "ವಿಚಾರ ಮಾಡ್ತೇನ್ರೀ" ಎಂದಳು. ಹಾಗೆನ್ನುವಾಗ ಅವಳು ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದಳು.

ವೈದ್ಯರು ನನ್ನ ಕಡೆ ತಿರುಗಿದರು. "ನೀವಮ್ಮಾ?"

ನಾನು ಬೀರವ್ವನ ಮುಖ ನೋಡಿದೆ. ಅವಳ ಕಣ್ಣಿನಿಂದ ಒಂದು ಅಪ್ಪಣೆ ಸಿಕ್ಕೀತೆಂದು ನೋಡಿದೆ. ಆಕೆ ಗೋಡೆಯ ಕಡೆ ತಿರುಗಿದಳು.

"ನನ್ನ ಮಾರಿ ಏನ ನೋಡ್ತೀರಿ? ನಾ ಏನ ನಿಮ್ಮ ಅತ್ತಿ ಅಲ್ಲ."

"ಬೇಕು" ಎಂದೆ. ಆ ಮಾತು ಬಾಯಿಂದ ಹೊರಡುವಾಗ, ತುಂಬಿದ ಪಂಕ್ತಿಯಲ್ಲಿ ಎರಡನೇ ಹೋಳಿಗೆ ಕೇಳಿದ ಮಗುವಿನ ಹಾಗೆ ನನ್ನ ಕಿವಿ ಬಿಸಿಯಾಯಿತು.

ಮರಳುವ ಬಸ್ಸಿನಲ್ಲಿ ಬೀರವ್ವನ ಮಗ ಫೋನು ಮಾಡಿದ. ಆಕೆ ಸ್ಪೀಕರ್ ಹಾಕಿ, ಫೋನನ್ನು ಮೈಕಿನಂತೆ ಬಾಯಿಯ ಮುಂದೆ ಹಿಡಿದು ಮಾತಾಡುತ್ತಾಳೆ, ಆದ್ದರಿಂದ ಅವನ ಮಾತೂ ಬಸ್ಸಿಗೆಲ್ಲ ಕೇಳಿಸಿತು.

"ಏನಂದ್ರು ಬೇ?"

"ಕೇಳಿದ್ರಪಾ."

"ಏನ ಕೇಳಿದ್ರು?"

"ಬೇಕೇನು ಅಂತ ಕೇಳಿದ್ರು."

"ನೀ ಏನಂದಿ?"

"ನಾ ಇನ್ನೂ ಏನೂ ಅಂದಿಲ್ಲ" ಎಂದು ಹೇಳಿ, ಕಿಟಕಿಯ ಹೊರಗಿನ ಕಬ್ಬಿನ ಗಾಡಿಗಳನ್ನು ನೋಡುತ್ತ ಕುಳಿತಳು. ಸ್ವಲ್ಪ ದೂರ ಬಂದ ಮೇಲೆ ನನ್ನ ಕಡೆ ವಾಲಿ, "ನಿಮ್ಮ ಮಗಳಿಗೆ ಹೇಳ್ರಿ, ಹೊರಗ ನಾ ಕುಂಡ್ರತೇನಿ" ಎಂದಳು.

ಇದನ್ನು ಸುಜಾತಾಳಿಗೆ ಹೇಳಿದಾಗ ಅವಳಿಗೆ ಸಿಟ್ಟು ಬಂತು. "ನನ್ನವ್ವ ಒಳಗ ಇರುವಾಗ ಬ್ಯಾರೆಯವರು ಕುಂಡ್ರತಾರೇನು?" ಎಂದವಳು ಶಸ್ತ್ರಚಿಕಿತ್ಸೆಯ ದಿನ ರಜೆ ಹಾಕಿ ಬಂದಳು. ಮೂವರೂ ಒಂದೇ ಬಸ್ಸಿನಲ್ಲಿ ಹೋದೆವು. ಯಜಮಾನರು ನಿಲ್ದಾಣದ ತನಕ ಬಂದು, ಬಸ್ಸು ಹೊರಡುವಾಗ ಕಿಟಕಿಯ ಸರಳು ಹಿಡಿದು, "ಬಂದ ಮ್ಯಾಲೆ ನೋಡ್ತೇನಿ" ಎಂದು ಮುಖ ಬೇರೆ ಕಡೆ ಮಾಡಿದರು.

ಎರಡೂ ಈಗ ಸಮ ಆಗಿವೆಯೇ ಎಂದು ಕೇಳುವವರಿಗೆ ಹೇಳುತ್ತೇನೆ: ಇಲ್ಲ. ಹತ್ತಿರ ಬಂದಿವೆ. ತಗ್ಗು ತುಂಬಿತ್ತು, ತುಂಬಿದ್ದರಲ್ಲಿ ಸ್ವಲ್ಪ ಮತ್ತೆ ಕರಗಿತು. ರೊಟ್ಟಿ ಬಡಿಯುವಾಗ ಬಲಗಡೆಯದು ಈಗಲೂ ಕುಣಿಯುತ್ತದೆ. ಬಚ್ಚಲಲ್ಲಿ ಬಾಗಿಲ ಕಡೆ ಮುಖ ಮಾಡುವುದನ್ನು ಬಿಟ್ಟಿದ್ದೇನೆ. ತಪ್ಪಿತಸ್ಥೆಯ ಭಾವ ಹೋಗುತ್ತದೆಂದು ಕೆಲವರು ಬರೆದಿದ್ದಾರೆ. ನನಗೆ ಅದು ಹೋಗಿಲ್ಲ, ಮತ್ತು ಹೋಗಬೇಕೆಂದು ನನಗೆ ಅನ್ನಿಸುವುದೂ ಇಲ್ಲ. ಅದರ ಕಾರಣ ಮಾತ್ರ ಬದಲಾಗಿದೆ. ಬಯಸಿದ್ದಕ್ಕಾಗಿ ಈಗ ನಾಚುವುದಿಲ್ಲ.

ಶಸ್ತ್ರಚಿಕಿತ್ಸೆ ಮುಗಿದು ನನ್ನನ್ನು ಗಾಲಿಮಂಚದ ಮೇಲೆ ಕಾಯುವ ಹಜಾರದ ಮೂಲಕ ತರುತ್ತಿದ್ದರು. ಮದ್ದಿನ ಅಮಲು ಪೂರ್ತಿ ಇಳಿದಿರಲಿಲ್ಲ. ಸುಜಾತಾ ಎದ್ದು ಓಡಿ ಬಂದು ನನ್ನ ಕೈ ಹಿಡಿದದ್ದು ಗೊತ್ತಾಯಿತು. ಬೀರವ್ವ ಬರಲಿಲ್ಲ, ಅವಳಿಗೆ ನಾನು ಕಂಡಿರಲಿಲ್ಲ. ಬಾಕಿನ ಮೇಲೆ ನನಗೆ ಬೆನ್ನು ಮಾಡಿ, ತೇರದಾಳದ ಕಡೆಯವಳೆಂದು ಆಮೇಲೆ ತಿಳಿದ ಒಬ್ಬ ಹೆಂಗಸಿನ ಮೊಣಕಾಲ ಮೇಲೆ ಕೈಯಿಟ್ಟು, ಆ ಅಡವಿಯ ದನಿಯಲ್ಲಿ ಕೇಳುತ್ತಿದ್ದಳು:

"ಮಂದಿ ಏನರೆ ಹೇಳ್ಲಿ, ತಂಗಿ. ನಿನ್ನ ಕೇಳಿದ್ರೇನು? ನಿನ್ನ ಬಾಯಿಲೇ ನೀ ಬ್ಯಾಡ ಅಂದಿಯೇನು?"

ಅದು ನನ್ನ ಪ್ರಶ್ನೆಯಾಗಿತ್ತು. ಅದನ್ನು ಕೇಳಬೇಕಾಗಿದ್ದ ದಿನಗಳಲ್ಲಿ ನಾನು ಅವಳ ಪಕ್ಕದ ಹಾಸಿಗೆಯಲ್ಲಿ ಪುಸ್ತಕ ಓದುತ್ತಿದ್ದೆ.